ಎರಡನೆಯ ಸಾಲಿನ ತರುಣ : ಅವನನ್ನು ಅಳೆಯುವದು ಹೇಗೆ?

ನಮ್ಮ ಮನೆಗಳಲ್ಲಿ ಮಗನು ಯಾವದೊಂದು ಆಟದಲ್ಲಿಯೋ ವಿದ್ಯೆಯಲ್ಲಿಯೋ ತೊಡಗಿದನೆಂದರೆ ನೆರೆಹೊರೆಯವರು ಕೇಳುವ ಮೊದಲನೆಯ ಪ್ರಶ್ನೆ, "ಹುಡುಗನ ನಂಬರು ಎಷ್ಟನೆಯದು?" ಎಂಬದೇ. ಮೊದಲನೆಯವನಾದರೆ ಸಂತೋಷ, ಎರಡನೆಯವನಾದರೆ ಮೌನ. ಆದರೆ ಜಗತ್ತಿನ ಕೆಲಸವೆಲ್ಲ ಮೊದಲನೆಯವರಿಂದಲೇ ನಡೆಯುತ್ತಿರುವದೆಂದು ತಿಳಿದವರು ಜಗತ್ತನ್ನು ಚೆನ್ನಾಗಿ ನೋಡಿದವರಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಸಂಗೀತವನ್ನು ಕೇಳಿದ ನಮ್ಮ ಕಡೆಯ ಜನರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಗುರುಗಳು ಹಾಡುತ್ತಿರುವಾಗ ಹಿಂದೆ ತಂಬೂರಿ ಹಿಡಿದು ಕುಳಿತ ಶಿಷ್ಯನಿದ್ದಾನಷ್ಟೇ? ಸಭೆಯು ಅವನನ್ನು ನೋಡುವದಿಲ್ಲ. ಆದರೆ ಗುರುಗಳ ದನಿ ಒಂದು ಕ್ಷಣ ತಡೆದರೆ ಸ್ವರವನ್ನು ಎತ್ತಿ ಹಿಡಿಯತಕ್ಕವನು ಅವನೇ. 1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಭಾರವೆಲ್ಲ 30 ವಯಸ್ಸಿನ ಪುಟ್ಟರಾಜ ಗವಾಯಿಗಳ ಮೇಲೆ ಬಿದ್ದಿತು. ಮುಂದೆ 2010ರ ವರೆಗೆ ಅವರು ಅದನ್ನು ಹೇಗೆ ಹೊತ್ತರೆಂಬದನ್ನು ನಾಡೇ ಕಂಡಿದೆ. ಹಿಂದೆ ಕುಳಿತ ವರ್ಷಗಳು ವ್ಯರ್ಥವಾಗಿದ್ದರೆ ಆ ಹೆಗಲಿಗೆ ಅಷ್ಟು ಬಲವೆಲ್ಲಿಂದ ಬರುತ್ತಿತ್ತು?

ಆದ್ದರಿಂದ ಎರಡನೆಯ ಸಾಲಿನಲ್ಲಿ ಕಾಯುತ್ತಿರುವ ತರುಣನ ಬೆಳವಣಿಗೆಯನ್ನೂ ಸಮಚಿತ್ತವನ್ನೂ ಅಳೆಯುವ ಬಗೆ ಯಾವದೆಂಬದು ಆಟಗಾರರಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಗೃಹಸ್ಥರೆಲ್ಲರೂ ವಿಚಾರ ಮಾಡತಕ್ಕದ್ದು. ಏಕೆಂದರೆ ತಪ್ಪಾಗಿ ಅಳೆದರೆ ಕೆಡುವದು ಒಂದು ಪಂದ್ಯವಲ್ಲ, ಒಬ್ಬ ಹುಡುಗನ ಐದಾರು ವರ್ಷಗಳ ತಾರುಣ್ಯ.

ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1970ರ ಜೂನ್ 6ರಂದು ಗದಗಿನಲ್ಲಿ ಹುಟ್ಟಿದ ಸುನೀಲ ಜೋಶಿಯವರ ಕ್ರಿಕೆಟ್ ಜೀವನವೇ ಸಾಕು. ಬಾಲ್ಯದಲ್ಲಿ ಅವರು ಪ್ರತಿದಿನ ಬೆಳಗಿನಲ್ಲಿ ಸುಮಾರು 60 ಕಿಲೋಮೀಟರು ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. ಎಡಗೈಯಿಂದ ತಿರುಗುಚೆಂಡು ಎಸೆಯುವ ಈ ತರುಣನು ಕರ್ನಾಟಕದ ತಂಡವನ್ನು ಸೇರಿದ್ದು 1992-93ರಲ್ಲಿ. ಪ್ರಸನ್ನ, ಚಂದ್ರಶೇಖರ, ವಿಜಯಕೃಷ್ಣ, ರಘುರಾಮ ಭಟ್ಟರಂಥ ತಿರುಗುಚೆಂಡಿನ ಪ್ರವೀಣರನ್ನು ಕಂಡಿದ್ದ ರಾಜ್ಯವದು. ಸಾಲದ್ದಕ್ಕೆ, ಆಗ ತಂಡದಲ್ಲಿ ಅನಿಲ ಕುಂಬ್ಳೆಯವರಿದ್ದರು. ಜೋಶಿಯವರಿಗಿಂತ ನಾಲ್ಕು ತಿಂಗಳು ಚಿಕ್ಕವರಾದರೂ 1990ರಲ್ಲಿಯೇ ಭಾರತದ ಪರವಾಗಿ ಆಡಿದವರು. ಒಂದೇ ರಾಜ್ಯದಲ್ಲಿ, ಒಂದೇ ವಯಸ್ಸಿನಲ್ಲಿ, ಅಂಥವರೊಬ್ಬರು ಮುಂದಿರುವಾಗ ಉಳಿದವನಿಗೆ ಎರಡನೆಯ ಸ್ಥಾನವೇ ಗತಿ. ಅದನ್ನು ಅವಮಾನವೆಂದು ಭಾವಿಸುವದೋ, ಪಾಠವೆಂದು ಭಾವಿಸುವದೋ? ತರುಣನ ಮುಂದಿನ ದಾರಿಯೆಲ್ಲ ಈ ಒಂದು ಪ್ರಶ್ನೆಯ ಉತ್ತರವನ್ನು ಅವಲಂಬಿಸಿರುವದು.

ಇನ್ನು ಬೆಳವಣಿಗೆಯನ್ನು ಅಳೆಯುವ ಮಾತು. ಇಲ್ಲಿ ನಾವು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಎರಡನೆಯವನನ್ನು ಮೊದಲನೆಯವನ ಪಕ್ಕದಲ್ಲಿ ನಿಲ್ಲಿಸಿ ನೋಡುವದು. ಹಾಗೆ ನೋಡಿದರೆ ಅವನು ಎಂದೆಂದಿಗೂ ಗಿಡ್ಡನಾಗಿಯೇ ಕಾಣುವನು. ಅವನನ್ನು ಅವನ ಹೋದ ವರ್ಷದ ಸಂಗಡ ಹೋಲಿಸಬೇಕು. ಹೋದ ವರ್ಷ ಬಾರದಿದ್ದದ್ದು ಈ ವರ್ಷ ಏನು ಬಂದಿದೆ? ಚೆಂಡೆಸೆಯುವದೊಂದನ್ನೇ ಬಲ್ಲವನು ಬ್ಯಾಟನ್ನೂ ಹಿಡಿಯಲು ಕಲಿತನೇ? ಜೋಶಿಯವರು 1995-96ರ ರಣಜಿ ಪಂದ್ಯಾವಳಿಯಲ್ಲಿ 529 ಓಟಗಳನ್ನೂ 52 ವಿಕೆಟ್ಟುಗಳನ್ನೂ ಗಳಿಸಿದರು. ಒಂದೇ ಹಂಗಾಮಿನಲ್ಲಿ 500 ಓಟ, 50 ವಿಕೆಟ್ಟು ಎಂಬದು ಬಹು ಅಪರೂಪದ ಸಾಧನೆ. ಕರ್ನಾಟಕವು ಆ ವರ್ಷ ರಣಜಿ ಟ್ರೋಫಿಯನ್ನು ಗೆದ್ದಿತು. ಒಂದು ಬಾಗಿಲಲ್ಲಿ ಗುಂಪಿದ್ದಾಗ ಮತ್ತೊಂದು ಬಾಗಿಲನ್ನು ತೆರೆದುಕೊಳ್ಳುವದೇ ನಿಜವಾದ ಬೆಳವಣಿಗೆ.

ಎರಡನೆಯ ಮಾತು, ಅವಕಾಶದ ಲೆಕ್ಕ. ಮೊದಲನೆಯವನಿಗೆ ಇಪ್ಪತ್ತು ಪಂದ್ಯಗಳು ದೊರೆತರೆ ಎರಡನೆಯವನಿಗೆ ಎರಡು ದೊರೆಯುವವು. ಅವೂ ಎಂಥವು? ಪಂದ್ಯವು ಆಗಲೇ ಗೆದ್ದದ್ದಾಗಿರುವದು ಇಲ್ಲವೆ ಸೋತದ್ದಾಗಿರುವದು. ಗೆದ್ದ ಪಂದ್ಯದಲ್ಲಿ ಎದುರಾಳಿಯು ದಣಿದಿರುವನು. ಸೋತ ಪಂದ್ಯದಲ್ಲಿ ತನ್ನವರೇ ಕೈಚೆಲ್ಲಿರುವರು. ಅಲ್ಲಿ ಗಳಿಸಿದ ಅಂಕಿಗಳನ್ನು ಹಿಡಿದು ಹೊಗಳುವದೂ ತಪ್ಪು, ತೆಗಳುವದೂ ತಪ್ಪು. ಜೋಶಿಯವರು 1996ರಲ್ಲಿ ತಮ್ಮ 26ನೆಯ ಹುಟ್ಟುಹಬ್ಬದ ದಿನವೇ ಇಂಗ್ಲಂಡದ ಎಜ್‌ಬಾಸ್ಟನ್ನಿನಲ್ಲಿ ಮೊದಲನೆಯ ಟೆಸ್ಟ್ ಪಂದ್ಯಕ್ಕಿಳಿದರು. ಬೆರಳಿಗೆ ಪೆಟ್ಟಾದದ್ದರಿಂದ ಒಂದು ಚೆಂಡನ್ನು ಕೂಡ ಎಸೆಯಲಾಗಲಿಲ್ಲ. ಆ ಒಂದು ಪಂದ್ಯದಿಂದಲೇ ಅವರನ್ನು ಅಳೆದಿದ್ದರೆ ಗದಗಿನ ಹೆಸರು ಅಲ್ಲಿಗೇ ಮುಗಿಯುತ್ತಿತ್ತು. ಅದೇ ವರ್ಷ ನವೆಂಬರದಲ್ಲಿ ಅವರು ದಕ್ಷಿಣ ಆಫ್ರಿಕೆಯ ಎದುರು ಮತ್ತೆ ಕಣಕ್ಕಿಳಿದರು.

ಇನ್ನು ಸಮಚಿತ್ತ. ಇದರ ವಿಷಯದಲ್ಲಿ ನಮ್ಮ ಜನರಲ್ಲಿ ಒಂದು ಭ್ರಮೆಯಿದೆ. ಮುಖವನ್ನು ಗಂಭೀರವಾಗಿಟ್ಟುಕೊಂಡು ಮಾತಾಡದೆ ಇರುವವನೇ ಸಮಚಿತ್ತನೆಂದು ತಿಳಿಯುವರು. ಎದೆ ನಡುಗುತ್ತಿದ್ದರೂ ಮುಖವನ್ನು ಕಲ್ಲಾಗಿಸುವದು ಕೆಲವರಿಗೆ ಹುಟ್ಟಿನಿಂದಲೇ ಬಂದ ಗುಣ. ಸಮಚಿತ್ತವನ್ನು ಕಾಣಬೇಕಾದದ್ದು ತಪ್ಪಾದ ಬಳಿಕದ ಮೊದಲನೆಯ ಕೆಲಸದಲ್ಲಿ. ಗರಡಿಯ ವಸ್ತಾದರು ಇದನ್ನು ಬಲ್ಲರು. ಹೊಸ ಪೈಲವಾನನನ್ನು ಕೆಳಗೆ ಕೆಡವಿಸಿ, ಅವನು ಎದ್ದು ಮೊದಲು ಎಲ್ಲಿಗೆ ಕೈ ಹಾಕುವನೆಂದು ನೋಡುವರು. ಸಿಟ್ಟಿನಿಂದ ಕುರುಡಾಗಿ ನುಗ್ಗಿದರೆ ಅವನಿನ್ನೂ ಎಳೆಯ. ಹೆದರಿ ಹಿಂಜರಿದರೂ ಎಳೆಯನೇ. ಮಣ್ಣು ಕೊಡವಿಕೊಂಡು, ಸರಿಯಾದ ಪಟ್ಟಿಗಾಗಿ ಕಾಯ್ದರೆ ಅವನು ಮಾಗಿದನೆಂದು ತಿಳಿಯಬೇಕು.

ಸಪ್ತಸಾಗರಗಳ ಆಚೆಗೂ ನ್ಯಾಯವು ಇದೇ. ಅಮೇರಿಕೆಯ ಕಾಲೇಜುಗಳಲ್ಲಿ ಫುಟ್ಬಾಲೆಂಬ ಹೆಸರಿನಿಂದ ಆಡುವ ಆಟ ಬೇರೆ, ನಾವು ಕಾಲಿನಿಂದ ಆಡುವ ಆಟ ಬೇರೆ. ಅಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನಿರುವನು. ತಂಡದ ಪ್ರತಿಯೊಂದು ದಾಳಿಯೂ ಅವನ ಕೈಯಿಂದಲೇ ಹೊರಡುವದು. ಒಬ್ಬನು ಆಡುತ್ತಿದ್ದರೆ ಅವನ ಬದಲಿಗನು ಪಕ್ಕದಲ್ಲಿ ನಿಂತು ನೋಡುತ್ತಿರಬೇಕು. 2018ರ ಜನವರಿ 8ರಂದು ಅಟ್ಲಾಂಟಾ ನಗರದಲ್ಲಿ ರಾಷ್ಟ್ರೀಯ ಪ್ರಶಸ್ತಿಯ ಪಂದ್ಯ. ಅರ್ಧ ಆಟ ಮುಗಿದಾಗ ಅಲಬಾಮಾ ವಿಶ್ವವಿದ್ಯಾಲಯವು ಜಾರ್ಜಿಯಾದ ಎದುರು 13-0ರಿಂದ ಹಿಂದೆ ಬಿದ್ದಿತ್ತು. ತರಬೇತುದಾರನು ಎರಡು ವರ್ಷಗಳಿಂದ ಮೊದಲಿಗನಾಗಿದ್ದ ಜೇಲನ್ ಹರ್ಟ್ಸನನ್ನು ಕೂಡ್ರಿಸಿ, ಮೊದಲನೆಯ ವರ್ಷದ ವಿದ್ಯಾರ್ಥಿಯಾದ ಟುವಾ ಟಾಗೊವೈಲೋವಾನನ್ನು ಇಳಿಸಿದನು. ಹುಡುಗನು ತಪ್ಪು ಮಾಡದೆ ಇರಲಿಲ್ಲ. ಅವನೆಸೆದ ಒಂದು ಚೆಂಡನ್ನು ಎದುರಾಳಿಗಳು ಹಿಡಿದರು. ಹೆಚ್ಚಿನ ಅವಧಿಯ ಆಟದಲ್ಲಿ ಮೊದಲನೆಯ ಹೆಜ್ಜೆಗೇ ಅವರು ಅವನನ್ನು ಕೆಡವಿದ್ದರಿಂದ ತಂಡವು 16 ಗಜ ಹಿಂದೆ ಸರಿಯಿತು. ಅದರ ಮರುಕ್ಷಣದಲ್ಲಿಯೇ ಅವನು 41 ಗಜ ದೂರಕ್ಕೆ ಎಸೆದ ಚೆಂಡಿನಿಂದ ಅಲಬಾಮಾ 26-23ರಿಂದ ಗೆದ್ದಿತು. ಅವನ ಯೋಗ್ಯತೆಯು ಕಂಡದ್ದು ಆ ಎಸೆತದ ದೂರದಲ್ಲಲ್ಲ. ಕೆಡವಿಸಿಕೊಂಡ ಮೇಲೂ ಕಣ್ಣು ಸರಿಯಾಗಿ ನೋಡಿತೆಂಬದರಲ್ಲಿ.

ಆದರೆ ಕಥೆಯ ಉತ್ತರಾರ್ಧವನ್ನು ತಂದೆತಾಯಂದಿರು ಇನ್ನೂ ಹೆಚ್ಚು ಲಕ್ಷ್ಯವಿಟ್ಟು ಓದಬೇಕು. ಹೀಗೆ ಸ್ಥಾನ ಕಳೆದುಕೊಂಡ ಹರ್ಟ್ಸನು ಮುನಿಸಿಕೊಂಡು ಹೊರಟುಹೋಗಲಿಲ್ಲ. ಅದೇ ವರ್ಷ ಡಿಸೆಂಬರದಲ್ಲಿ, ಅದೇ ಎದುರಾಳಿಯ ಮುಂದೆ, ಟಾಗೊವೈಲೋವಾನಿಗೆ ಕಾಲಿಗೆ ಪೆಟ್ಟಾದಾಗ ಬದಲಿಗನಾಗಿ ಇಳಿದು ತಂಡವನ್ನು 35-28ರಿಂದ ಗೆಲ್ಲಿಸಿದನು. ಮುಂದೆ ಒಕ್ಲಹೋಮಾಕ್ಕೆ ಹೋಗಿ ವಿದ್ಯೆಯನ್ನೂ ಆಟವನ್ನೂ ಮುಂದುವರಿಸಿ, 2025ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾ ತಂಡಕ್ಕೆ ಆ ದೇಶದ ಅತ್ಯುಚ್ಚ ಪ್ರಶಸ್ತಿಯನ್ನು ಗಳಿಸಿಕೊಟ್ಟನು. ಎರಡನೆಯ ಸಾಲಿಗೆ ಇಳಿಯುವದೆಂದರೆ ಜೀವನದಿಂದಲೇ ಇಳಿಯುವದಲ್ಲವೆಂಬದಕ್ಕೆ ಬೇರೆ ಸಾಕ್ಷಿ ಬೇಕೇ?

ತಿರುಗಿ ನಮ್ಮ ಗದಗಿನವರ ಕಡೆಗೆ ಬರೋಣ. 1999ರ ಸೆಪ್ಟೆಂಬರ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕೆಯ ಎದುರು ಜೋಶಿಯವರು 10 ಓವರುಗಳಲ್ಲಿ 6 ಓಟಗಳನ್ನಷ್ಟೇ ಕೊಟ್ಟು 5 ವಿಕೆಟ್ಟುಗಳನ್ನು ಕಿತ್ತರು. ಆರು ಓವರುಗಳಲ್ಲಿ ಒಂದು ಓಟವೂ ಬರಲಿಲ್ಲ. ಎದುರಾಳಿಗಳು 117ಕ್ಕೆ ಮುಗಿದರು. ಇದು ಎಲ್ಲರ ನೆನಪಿನಲ್ಲಿರುವ ದಿನ. ಆದರೆ ನನ್ನ ಮತದಲ್ಲಿ ಅವರ ಸಮಚಿತ್ತದ ನಿಜವಾದ ಪರೀಕ್ಷೆ ನಡೆದದ್ದು 2000ದ ನವೆಂಬರದಲ್ಲಿ, ಢಾಕಾದಲ್ಲಿ. ಭುಜದ ನೋವಿನಿಂದ ಕುಂಬ್ಳೆಯವರು ಹೊರಗುಳಿದಿದ್ದರು. ಬಾಂಗ್ಲಾದೇಶವು ತನ್ನ ಮೊಟ್ಟಮೊದಲನೆಯ ಟೆಸ್ಟಿನಲ್ಲಿಯೇ 400 ಓಟಗಳನ್ನು ಗಳಿಸಿ ಎಲ್ಲರನ್ನೂ ಬೆರಗುಗೊಳಿಸಿತು. ಆ ಇನ್ನಿಂಗ್ಸಿನಲ್ಲಿ ಜೋಶಿಯವರು 5 ವಿಕೆಟ್ಟು ಪಡೆದರೂ 142 ಓಟಗಳನ್ನು ಕೊಡಬೇಕಾಯಿತು. ಬೆನ್ನ ಹಿಂದೆ ಇಷ್ಟು ದಣಿವಿರಲು, ಭಾರತದ ಆರು ಜನರು ಔಟಾಗಿ ಎದುರಾಳಿಗಳ ಮೊತ್ತವು ಇನ್ನೂ ದೂರವಿದ್ದಾಗ ಅವರು ಬ್ಯಾಟು ಹಿಡಿದು 92 ಓಟಗಳನ್ನು ಕೂಡಿಸಿದರು. ಎರಡನೆಯ ಇನ್ನಿಂಗ್ಸಿನಲ್ಲಿ ಮತ್ತೆ 3 ವಿಕೆಟ್ಟು. ಬಾಂಗ್ಲಾದೇಶವು 91ಕ್ಕೆ ಕುಸಿಯಿತು. ಭಾರತವು 9 ವಿಕೆಟ್ಟುಗಳಿಂದ ಗೆದ್ದಿತು. ಪಂದ್ಯಪುರುಷನೆಂಬ ಗೌರವವು ಗದಗಿನವರಿಗೆ ಬಂದಿತು.

ಇಷ್ಟಾದ ಮೇಲೆ ಅವರ ಸ್ಥಾನವು ಸ್ಥಿರವಾಯಿತೇ? ಇಲ್ಲ. ಮರುವರ್ಷ ಫೆಬ್ರುವರಿ-ಮಾರ್ಚ್ ತಿಂಗಳುಗಳಲ್ಲಿ ಹರಭಜನ್ ಸಿಂಗರು ಆಸ್ಟ್ರೇಲಿಯದ ಎದುರು ಮೂರು ಟೆಸ್ಟುಗಳಲ್ಲಿ 32 ವಿಕೆಟ್ಟುಗಳನ್ನು ಗಳಿಸಿದರು. ಮುಂದೆ ಕುಂಬ್ಳೆಯವರೂ ಗುಣಹೊಂದಿ ಬಂದರು. 15 ಟೆಸ್ಟು, 69 ಒಂದು ದಿನದ ಪಂದ್ಯಗಳಿಗೆ ಜೋಶಿಯವರ ಭಾರತದ ಆಟ ಮುಗಿಯಿತು. ಈ ಸಂಗತಿಯನ್ನು ಮುಚ್ಚಿಡುವದು ತರುಣರಿಗೆ ಮೋಸ ಮಾಡಿದಂತೆ. ಯೋಗ್ಯತೆಯಿದ್ದವನಿಗೆಲ್ಲ ಸ್ಥಾನ ದೊರೆಯುವದೆಂಬ ವಚನವನ್ನು ಯಾರೂ ಕೊಡಲಾರರು. ಆದರೆ ದೊರೆಯದೆ ಹೋದಾಗ ಯೋಗ್ಯನಾದವನು ಏನು ಮಾಡುವನೆಂಬದನ್ನೂ ಇಲ್ಲಿಯೇ ನೋಡಬಹುದು. ಅವರು ಮತ್ತೂ ಹತ್ತು ವರ್ಷದ ಹತ್ತಿರ ಪ್ರಥಮ ದರ್ಜೆಯ ಆಟವನ್ನಾಡಿ, ಒಟ್ಟು 160 ಪಂದ್ಯಗಳಲ್ಲಿ 615 ವಿಕೆಟ್ಟುಗಳನ್ನೂ 5,000ಕ್ಕೆ ಮಿಕ್ಕಿ ಓಟಗಳನ್ನೂ ಗಳಿಸಿದರು. ಬಳಿಕ ಢಾಕಾದಲ್ಲಿ ಯಾರನ್ನು ಸೋಲಿಸಿದ್ದರೋ ಆ ಬಾಂಗ್ಲಾದೇಶದವರಿಗೇ ತಿರುಗುಚೆಂಡಿನ ಗುರುಗಳಾದರು.

2020ರ ಮಾರ್ಚಿನಲ್ಲಿ ಅವರು ಭಾರತದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಒಂದು ಕಾಲಕ್ಕೆ ಇತರರ ತಕ್ಕಡಿಯಲ್ಲಿ ಕುಳಿತವರ ಕೈಗೆ ತಕ್ಕಡಿಯೇ ಬಂದಿತು. ಆ ವರ್ಷ ಅಕ್ಟೋಬರದಲ್ಲಿ ಅವರ ಸಮಿತಿಯು ಆಸ್ಟ್ರೇಲಿಯಕ್ಕೆ ಕಳುಹಿದ ತಂಡಗಳ ಸಂಗಡ, ಬಲೆಯ ಅಭ್ಯಾಸದಲ್ಲಿ ಚೆಂಡೆಸೆಯಲೆಂದು ಹೋದ ನಟರಾಜನ್ ಇದ್ದರು. ಚುಟುಕು ಪಂದ್ಯಗಳಿಗಾಗಿ ಹೋದ ವಾಷಿಂಗ್ಟನ್ ಸುಂದರ್ ಇದ್ದರು. ಮೊದಲ ಸಾಲಿನವರು ಒಬ್ಬೊಬ್ಬರಾಗಿ ಗಾಯಗೊಂಡು ಬಿದ್ದಾಗ, 2021ರ ಜನವರಿಯಲ್ಲಿ ಬ್ರಿಸ್ಬೇನಿನ ಪಂದ್ಯಕ್ಕೆ ಇವರಿಬ್ಬರೂ ಇಳಿಯಬೇಕಾಯಿತು. 186 ಓಟಗಳಿಗೆ ಆರು ವಿಕೆಟ್ಟು ಹೋದಾಗ ಸುಂದರ್ 62, ಶಾರ್ದೂಲ ಠಾಕೂರ್ 67 ಗಳಿಸಿ ತಂಡವನ್ನು ಎತ್ತಿದರು. 1988ರಿಂದ ಆಸ್ಟ್ರೇಲಿಯವು ಒಂದು ಟೆಸ್ಟನ್ನೂ ಸೋಲದಿದ್ದ ಆ ನೆಲದಲ್ಲಿ ಭಾರತವು 3 ವಿಕೆಟ್ಟುಗಳಿಂದ ಗೆದ್ದಿತು. ಎರಡನೆಯ ಸಾಲನ್ನು ಬೆಳೆಸಿಟ್ಟುಕೊಂಡವರಿಗೆ ಮಾತ್ರ ಇಂಥ ದಿನ ಬರುವದು.

ಈಗ ನಮ್ಮ ಮನೆಗಳ ಮಾತು. ಲಕ್ಷ್ಮೇಶ್ವರದಿಂದಲೋ ಶಿರಹಟ್ಟಿಯಿಂದಲೋ ಮುಂಡರಗಿಯಿಂದಲೋ ಹುಡುಗನೊಬ್ಬನು ಬೆಳಗಿನ ಬಸ್ಸು ಹಿಡಿದು ಗದಗ-ಬೆಟಗೇರಿಯ ಮೈದಾನಕ್ಕೆ ಬರುವನೆಂದುಕೊಳ್ಳೋಣ. ಕಾಲೇಜು ತಂಡದಲ್ಲಿ ಅವನು ಹನ್ನೆರಡನೆಯವನು. ಬುತ್ತಿ ಕಟ್ಟಿಕೊಡುವ ತಾಯಿಗೆ, ಬಸ್ಸಿನ ಪಾಸಿಗೆ ದುಡ್ಡು ಕೊಡುವ ತಂದೆಗೆ, ಇದೆಲ್ಲ ಎಲ್ಲಿಯ ವರೆಗೆ ಎಂಬ ಚಿಂತೆ ಹುಟ್ಟುವದು ಸಹಜ. ಅವರು ಅಂಕಿಗಳನ್ನು ಬಿಟ್ಟು ನಾಲ್ಕು ಸಂಗತಿಗಳನ್ನು ನೋಡಲಿ. ಆಡಲಿಕ್ಕಿಲ್ಲವೆಂದು ಗೊತ್ತಿದ್ದ ದಿನವೂ ಅವನು ಹೊತ್ತಿಗೆ ಸರಿಯಾಗಿ ಏಳುವನೇ? ಸೋತು ಬಂದ ಸಂಜೆ ತನ್ನ ತಪ್ಪನ್ನು ಹೇಳುವನೋ, ಅಂಪಾಯರನ ತಪ್ಪನ್ನು ಹೇಳುವನೋ? ತನ್ನ ಸ್ಥಾನದಲ್ಲಿ ಆಡುತ್ತಿರುವವನ ಒಳ್ಳೆಯ ಆಟವನ್ನು ಮನಸಾರೆ ವರ್ಣಿಸಬಲ್ಲನೇ? ಪುಸ್ತಕವನ್ನು ಮೂಲೆಗೆ ಒಗೆಯದೆ ಎರಡನ್ನೂ ನಡೆಸುತ್ತಿರುವನೇ? ನಾಲ್ಕಕ್ಕೂ ಉತ್ತರ ಸರಿಯಾಗಿದ್ದರೆ ಇನ್ನೊಂದು ವರ್ಷ ಕಾಯಲು ಹೆದರಬೇಕಾಗಿಲ್ಲ. ಎರಡು ವರ್ಷ ಕಳೆದರೂ ಹೊಸದೇನೂ ಕೂಡದೆ, ಮನಸ್ಸು ಕಹಿಯಾಗುತ್ತ ನಡೆದಿದ್ದರೆ, ಸಿಟ್ಟು ಮಾಡದೆ ಬೇರೆ ದಾರಿಯನ್ನು ತೋರಿಸುವದೇ ಹಿತ. ಅದೂ ಸೋಲಲ್ಲ.

ನಮ್ಮ ಎರೆಭೂಮಿಯ ಒಕ್ಕಲಿಗನು ಬಿತ್ತಿದ ಮರುದಿನವೇ ಮಣ್ಣು ಕೆದರಿ ಬೀಜವನ್ನು ನೋಡುವದಿಲ್ಲ. ಹಾಗೆಂದು ಹೊಲದ ಕಡೆಗೆ ಬೆನ್ನು ಮಾಡಿ ಮಲಗುವದೂ ಇಲ್ಲ. ಬದುವಿನ ಮೇಲೆ ನಿಂತು ದಿನಾಲು ಒಂದು ಸಲ ಕಣ್ಣು ಹಾಯಿಸುವನು. ಮಗನ ವಿಷಯದಲ್ಲಿಯೂ ತಂದೆತಾಯಿಗಳಿಂದ ಆಗಬೇಕಾದದ್ದು ಅಷ್ಟೇ.