ಏಳದ ಲ್ಯಾಪ್‌ಟಾಪು, ಹದಿನಾಲ್ಕು ಮನೆಯ ಲೆಕ್ಕ

ಆರಿದ್ರಾ ಮಳೆ ಹಿಡಿದ ಮೂರನೇ ದಿನ ನಮ್ಮ ಮನೆಯ ಲ್ಯಾಪ್‌ಟಾಪು ಮುಷ್ಕರ ಹೂಡಿತು. ಗುಂಡಿ ಒತ್ತಿದರೆ ಲೈಟು ಹತ್ತುತ್ತದೆ, ಒಳಗೆ ಫ್ಯಾನು ತಿರುಗಿದ ಸಪ್ಪಳ ಕೇಳುತ್ತದೆ, ಪರದೆ ಮಾತ್ರ ಕಪ್ಪು. ತುಸು ಹೊತ್ತಿಗೆ ತಾನೇ ಆರಿ ಮತ್ತೆ ಹತ್ತುತ್ತದೆ.

ಮಗಳು ಧಾರವಾಡದಲ್ಲಿ ಓದುವಾಗ 2012ರಲ್ಲಿ ಕೊಂಡದ್ದು ಇದು. ಅವಳಿಗೆ ಹೊಸದು ಬಂದ ಮೇಲೆ ಹಳೆಯದು ನಮ್ಮ ಊರಿಗೆ ಬಂತು. ನಮ್ಮದು ಮುಂಡಗೋಡ ತಾಲೂಕಿನ ಪಾಳಾ ಕಡೆ, ಮಳೆ ನಂಬಿದ ಭೂಮಿ. ನಾನು ಓದಿದ್ದು ಏಳನೇ ಇಯತ್ತೆ. ಆದರೂ ಮಗಳು ಕಲಿಸಿದ ಮೇಲೆ ಅದರಲ್ಲಿ ಎರಡು ಕೆಲಸ ಮಾಡುತ್ತಿದ್ದೆ. 2016ರಿಂದ ದಿನದಿನದ ಮಳೆ ಎಷ್ಟು ಮಿಲಿಮೀಟರು ಎಂದು ಬರೆದಿಡುವುದು ಒಂದು. ನಮ್ಮ ಓಣಿಯ ಹದಿನಾಲ್ಕು ಮನೆಯವರು ಕೂಡಿ ಗೋವಿನಜೋಳದ ಬೀಜ, ಗೊಬ್ಬರ ತರಿಸುತ್ತೇವೆ, ಅದರ ಹಣದ ಲೆಕ್ಕ ಇನ್ನೊಂದು. ಯಾರು ಎಷ್ಟು ಕೊಟ್ಟರು, ಯಾರ ಬಾಕಿ ಎಷ್ಟು, ಎಲ್ಲಾ ಅದರಲ್ಲೇ. ಬೇರೆ ಪ್ರತಿ ಇರಲಿಲ್ಲ. ಅದು ನನ್ನ ಮೊದಲ ತಪ್ಪು. ಮಂದಿಯ ರೊಕ್ಕದ ಲೆಕ್ಕ ಕಳಕೊಂಡವನು ಓಣಿಯಲ್ಲಿ ತಲೆ ಎತ್ತಿ ಅಡ್ಡಾಡೋದು ಹೆಂಗ್ರಿ?

ಪೇಟೆಯ ಒಂದು ಅಂಗಡಿಗೆ ಒಯ್ದೆ. ಹುಡುಗ ಬಿಚ್ಚಲೂ ಇಲ್ಲ. ಎರಡು ಸಲ ಗುಂಡಿ ಒತ್ತಿ, "ಬೋರ್ಡು ಹೋಗೇತ್ರಿ ಕಾಕಾ, ಇದಕ್ಕ ರೊಕ್ಕ ಹಾಕಬ್ಯಾಡ್ರಿ, ಹೊಸಾದು ತಗೋರಿ" ಅಂದ. ವಾಪಸ್ ತಂದು ಮಗಳಿಗೆ ಫೋನು ಹಚ್ಚಿದೆ. ಅವಳು ಕೇಳಿದ್ದು ಒಂದೇ: "ಅಪ್ಪಾ, ಕೂರಿಗೆಯಾಗ ಬೀಜ ಬೀಳಲಿಲ್ಲ ಅಂದ್ರ ನೀ ಏನ್ ಮಾಡ್ತಿ?"

ಏನು ಮಾಡುತ್ತೇವೆ? ಕೂರಿಗೆಯನ್ನೇ ಒಲೆಗೆ ಹಾಕುವುದಿಲ್ಲ. ಮೇಲಿನ ಬಟ್ಟಲಲ್ಲಿ ಬೀಜ ಇದೆಯೋ ನೋಡುತ್ತೇವೆ, ಆಮೇಲೆ ಕೊಳವೆ, ಆಮೇಲೆ ತಾಳಿನ ತುದಿಗೆ ಮಣ್ಣು ಮೆತ್ತಿದೆಯೋ ಎಂದು. ಲ್ಯಾಪ್‌ಟಾಪೂ ಹಾಗೇ ಒಂದರ ಹಿಂದೆ ಒಂದು ಏಳುತ್ತದೆ. ಮೊದಲು ಕರೆಂಟು ಬರಬೇಕು. ಬಂದ ಮೇಲೆ ಬೋರ್ಡು ತನ್ನ ಮೆಮರಿಯನ್ನು ಪರೀಕ್ಷೆ ಮಾಡುತ್ತದೆ. ಅದು ಸರಿ ಇದ್ದರೆ ಪರದೆಗೆ ಚಿತ್ರ ಕೊಡುತ್ತದೆ. ಆಮೇಲೆ ಹಾರ್ಡ್ ಡಿಸ್ಕ್ ಹುಡುಕಿ ಅದರಲ್ಲಿರುವ ವಿಂಡೋಸನ್ನು ಎಬ್ಬಿಸುತ್ತದೆ. ಎಲ್ಲಿ ನಿಂತಿತು ಎಂದು ತಿಳಿದರೆ ಅರ್ಧ ರಿಪೇರಿ ಆದಂತೆ.

ಲೈಟೇ ಹತ್ತದಿದ್ದರೆ ಚಾರ್ಜರ್ ನೋಡಿ. ಅದರ ಮೇಲೆ ಎಷ್ಟು ವೋಲ್ಟ್ ಎಂದು ಬರೆದಿರುತ್ತದೆ, ಹೆಚ್ಚಿನವು 19ರ ಆಸುಪಾಸು. ಮೋಟಾರು ರಿಪೇರಿ ಮಾಡುವವರ ಹತ್ತಿರ ಮೀಟರ್ ಇದ್ದೇ ಇರುತ್ತದೆ, ಹಿಡಿದು ನೋಡಿಸಿ. ನಮ್ಮದರಲ್ಲಿ ಲೈಟು ಹತ್ತುತ್ತಿತ್ತು, ಹಾಗಾಗಿ ಅದನ್ನು ಬಿಟ್ಟೆವು.

ಎರಡನೆಯದು ಖರ್ಚಿಲ್ಲದ ಉಪಾಯ. ಚಾರ್ಜರ್ ಕಿತ್ತು, ಕೆಳಗಿನ ಬ್ಯಾಟರಿ ತೆಗೆದು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಒಳಗೆ ಉಳಿದ ಕರೆಂಟೆಲ್ಲ ಖಾಲಿಯಾಗುತ್ತದೆ. ಆಮೇಲೆ ಬರೀ ಚಾರ್ಜರ್ ಹಚ್ಚಿ ನೋಡಬೇಕು. ಎಷ್ಟೋ ಯಂತ್ರ ಇಷ್ಟಕ್ಕೇ ಏಳುತ್ತವಂತೆ. ನಮ್ಮದು ಏಳಲಿಲ್ಲ. ಒಂದು ಮಾತು: ತೆಗೆದ ಬ್ಯಾಟರಿ ಉಬ್ಬಿದ್ದರೆ ಮತ್ತೆ ಹಾಕಬೇಡಿ, ಚುಚ್ಚಬೇಡಿ, ಒಲೆಯ ಹತ್ತಿರ ಇಡಬೇಡಿ. ಬೆಂಕಿ ಹತ್ತುವ ವಸ್ತು ಅದು.

ಪರದೆಯೇ ಕೆಟ್ಟಿದೆಯೋ ಎಂಬ ಸಂಶಯಕ್ಕೆ ಬ್ಯಾಟರಿ ಹಿಡಿದು (ಟಾರ್ಚನ್ನು ನಾವು ಹಾಗೇ ಅನ್ನುವುದು) ಓರೆಯಾಗಿ ಬೆಳಕು ಬಿಟ್ಟೆ. ಮಸುಕಾಗಿ ಚಿತ್ರ ಕಂಡರೆ ಪರದೆಯ ಹಿಂದಿನ ದೀಪ ಹೋಗಿದೆ ಎಂದರ್ಥ. ಟಿವಿಗೆ ವೈರು ಹಚ್ಚಿಯೂ ನೋಡಬಹುದು. ನಮ್ಮದರಲ್ಲಿ ಎರಡರಲ್ಲೂ ಏನೂ ಕಾಣಲಿಲ್ಲ. ಅಂದರೆ ಅದು ಮೆಮರಿ ದಾಟಿ ಮುಂದೆ ಬಂದೇ ಇಲ್ಲ.

ರೋಗ ಇದ್ದದ್ದು ಇಲ್ಲೇ. ನಮ್ಮ ಕಡೆ ಮಳೆಗಾಲದ ತಂಪಿಗೆ ಗೋಡೆ ಬೆವರುತ್ತದೆ, ಬೆಂಕಿಪೊಟ್ಟಣ ಗೀರಿದರೆ ಹತ್ತುವುದಿಲ್ಲ. ಮೇಲಾಗಿ ಲ್ಯಾಪ್‌ಟಾಪು ಇಟ್ಟದ್ದು ಜೋಳದ ಚೀಲದ ಪಕ್ಕ, ಧೂಳು ಕೇಳಬೇಡಿ. ಚಾರ್ಜರ್, ಬ್ಯಾಟರಿ ಎರಡೂ ತೆಗೆದು, ಕಬ್ಬಿಣದ ಕಿಟಕಿ ಮುಟ್ಟಿ ಮೈಯ ಕರೆಂಟು ಇಳಿಸಿ, ಅಡಿಯ ಚಿಕ್ಕ ಮುಚ್ಚಳ ಬಿಚ್ಚಿದೆ. ಬೆರಳಗಲದ ಹಸಿರು ಪಟ್ಟಿ ಎರಡು ಇದ್ದವು. ಅದೇ ಮೆಮರಿ. ಎರಡೂ ಬದಿಯ ಕೊಂಡಿ ಸರಿಸಿದರೆ ತಾನೇ ಮೇಲೇಳುತ್ತದೆ. ಅದರ ಬಂಗಾರ ಬಣ್ಣದ ಅಂಚು ಕಪ್ಪಾಗಿತ್ತು. ಮೊಮ್ಮಗನ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ತಿಕ್ಕಿ, ಒಣ ಬಟ್ಟೆಯಿಂದ ಒರೆಸಿ, ಒಂದೇ ಪಟ್ಟಿ ಹಾಕಿ ಗುಂಡಿ ಒತ್ತಿದೆ. ಪರದೆ ಬೆಳಗಿತು! ನಮ್ಮ ಮನೆಯಾಕೆ ರೊಟ್ಟಿ ಬಡಿಯುವುದು ಬಿಟ್ಟು ಓಡಿ ಬಂದಳು.

ಆದರೆ ಸಂತೋಷ ಅರ್ಧ ಗಳಿಗೆ. ದಿನಾಂಕ ತಪ್ಪಾಗಿದೆ ಎಂದು ಬರೆದು ಬಂತು, ವಿಂಡೋಸಿನ ಗುರುತು ಕಂಡು ಒಂದು ನೀಲಿ ಪರದೆ ಮಿಂಚಿ ಮತ್ತೆ ಮೊದಲಿನಿಂದ ಶುರು. ನಾಲ್ಕೈದು ಸಲ ಹಾಗೇ. ಮಗಳಿಗೆ ದಿನಾಂಕದ ಮಾತು ಕೇಳಿದ್ದೇ ಗೊತ್ತಾಯಿತು. ಬೋರ್ಡಿನ ಮೇಲೆ ಗಡಿಯಾರಕ್ಕಾಗಿ ನಾಣ್ಯದಂಥ 3 ವೋಲ್ಟಿನ ಶೆಲ್ಲು ಇರುತ್ತದೆ. ಅದು ಸತ್ತರೆ ದಿನಾಂಕದ ಜತೆಗೆ ಬೋರ್ಡಿನ ಹೊಂದಾಣಿಕೆಗಳೂ ಮರೆತು ಹೋಗುತ್ತವೆ. ಹಾರ್ಡ್ ಡಿಸ್ಕನ್ನು ಯಾವ ಪದ್ಧತಿಯಲ್ಲಿ ಓದಬೇಕು ಎನ್ನುವುದೂ ಅದರಲ್ಲೇ ಇರುತ್ತದೆ. ನಮ್ಮದು ಎಎಚ್‌ಸಿಐ ಇದ್ದದ್ದು ಐಡಿಇ ಆಗಿ ಕೂತಿತ್ತು. ಡಿಸ್ಕು ಇದೆ, ವಿಂಡೋಸೂ ಇದೆ, ಆದರೆ ಬಾಗಿಲು ಬದಲಾಗಿದೆ!

ಹುಬ್ಬಳ್ಳಿಗೆ ಹೋಗುವವರ ಕೈಲಿ ಶೆಲ್ಲು ತರಿಸಿದೆ, ಸಿಆರ್ 2032 ಎಂದು ಹೇಳಬೇಕು. ಕೆಲವು ಲ್ಯಾಪ್‌ಟಾಪಿನಲ್ಲಿ ವೈರು ಇರುವ ಶೆಲ್ಲು ಬರುತ್ತದೆ, ಹಳೆಯದನ್ನು ತೋರಿಸಿಯೇ ತರಬೇಕು. ಹಾಕಿದ ಮೇಲೆ ಗುಂಡಿ ಒತ್ತಿದ ಕೂಡಲೇ ಎಫ್2 ಕೀಲಿ ಬಡಿಯುತ್ತಾ ಹೋದೆ. ಕಂಪನಿ ಪ್ರಕಾರ ಎಫ್10 ಅಥವಾ ಡಿಲೀಟ್ ಇರಬಹುದು. ಹೊಂದಾಣಿಕೆಯ ಪುಟ ತೆರೆಯಿತು. ದಿನಾಂಕ ಸರಿ ಮಾಡಿ, ಎಎಚ್‌ಸಿಐ ಆರಿಸಿ, ಉಳಿಸಿ ಹೊರಬಂದೆ. ಗೊತ್ತಿಲ್ಲದ್ದನ್ನು ಮುಟ್ಟಬೇಡ ಎಂದು ಮಗಳ ತಾಕೀತು ಇತ್ತು. ಬದಲಿಸುವ ಮೊದಲು ಆ ಪುಟದ ಫೋಟೋ ತೆಗೆದಿಟ್ಟೆ, ನೀವೂ ಹಾಗೇ ಮಾಡಿ.

ಎದ್ದಿತು. ಮಳೆ ಲೆಕ್ಕ, ಬೀಜದ ಲೆಕ್ಕ ಎಲ್ಲಾ ಇತ್ತು. ಬೇರೆ ಏನೂ ಮಾಡದೆ ಮೊದಲು ಪೆನ್‌ಡ್ರೈವಿಗೆ ತುಂಬಿಕೊಂಡೆ. ಯಾಕೆಂದರೆ ಹಾರ್ಡ್ ಡಿಸ್ಕಿನಿಂದ ಟಿಕ್ ಟಿಕ್ ಸಪ್ಪಳ ಬರುತ್ತಿತ್ತು. ಅದು ಸಾಯುವ ಮುನ್ನಿನ ಸೂಚನೆ. ಅಂಥ ಸಪ್ಪಳ ಇದ್ದರೆ ಮತ್ತೆ ಮತ್ತೆ ಚಾಲೂ ಮಾಡಿ ನೋಡಬಾರದು. ನಾನು ಮೊದಲ ದಿನ ಹತ್ತು ಸಲ ಮಾಡಿದ್ದೆ. ಲೆಕ್ಕ ಉಳಿದದ್ದು ದೈವ.

ಇದರಲ್ಲಿರುವುದು ವಿಂಡೋಸ್ 7. ಅದಕ್ಕೆ ಕಂಪನಿಯ ರಕ್ಷಣೆ 2020ರ ಜನವರಿಗೇ ನಿಂತಿದೆ, ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಇದರಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದಿಲ್ಲ, ಇಂಟರ್ನೆಟ್ಟಿಗೂ ಹಚ್ಚುವುದಿಲ್ಲ. ದೀಪಾವಳಿಗೆ ಮಗಳು ಬಂದಾಗ ಡಿಸ್ಕು ತೆಗೆದು ಎಸ್‌ಎಸ್‌ಡಿ ಹಾಕಿ, ಪುಕ್ಕಟೆ ಸಿಗುವ ಲಿನಕ್ಸ್ ತುಂಬಿ ಕೊಡುತ್ತೇನೆ ಅಂದಿದ್ದಾಳೆ.

ಲ್ಯಾಪ್‌ಟಾಪು ಈಗ ಜೋಳದ ಚೀಲದ ಪಕ್ಕದಿಂದ ಅಟ್ಟದ ಮೇಲಿನ ತಗಡಿನ ಟ್ರಂಕಿಗೆ ಹೋಗಿದೆ. ಹದಿನಾಲ್ಕು ಮನೆಯ ಬಾಕಿಯನ್ನು ಒಂದು ಇನ್ನೂರು ಪುಟದ ವಹಿಯಲ್ಲೂ ಬರೆಯುತ್ತಿದ್ದೇನೆ.