ಸೇವನ್‌ಡ್ರೂಗ್ ಅಲ್ಲ, ನಮ್ಮ ಸಾವನದುರ್ಗ

ಹೋದ ವರ್ಷ ಲಂಡನ್ನಿನ ಒಂದು ಹಳೆಯ ಅಂಗಡಿಯಲ್ಲಿ ನಕಾಶೆಗಳ ರಾಶಿ ತಿರುವಿ ಹಾಕುವಾಗ ಒಂದು ಚಿತ್ರ ಸಿಕ್ಕಿತು. ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ, ಕಪ್ಪು-ಬಿಳುಪಿನ ಚಿತ್ರ. ಕೆಳಗೆ 'ಸೇವನ್‌ಡ್ರೂಗ್' ಅಂತ ಇಂಗ್ಲಿಷಿನಲ್ಲಿತ್ತು. ಅಂಗಡಿಯವನಿಗೆ ಅದು ಇಂಡಿಯಾದ ಯಾವುದೋ ಬೆಟ್ಟ. ನಾವು ಕಾಲೇಜಿನ ದಿನಗಳಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿದ ಮಾಗಡಿ ಸೀಮೆಯ ಸಾವನದುರ್ಗ ಅದು!

ಮನೆಗೆ ತಂದು ತೋರಿಸಿದರೆ ಮಗಳು, "ಎಷ್ಟು ಪ್ರಶಾಂತವಾಗಿದೆ ಅಪ್ಪಾ" ಅಂದಳು. ಅವಳು ಹೇಳಿದ್ದು ಸರಿಯೇ. ದೂರದಲ್ಲಿ ಮೋಡಕ್ಕೆ ತಾಗಿದ ಬಂಡೆ, ಮುಂದೆ ನೆರಳು, ನೆರಳಲ್ಲಿ ಬೆರಳುಗುರಿನಷ್ಟು ದೊಡ್ಡ ಮನುಷ್ಯರು. ಆದರೆ ಈ ಪ್ರಶಾಂತತೆ ಎಲ್ಲಿಂದ ಬಂತು ಅನ್ನುವುದೇ ಪ್ರಶ್ನೆ.

ಮೂಲ ಚಿತ್ರ ಬರೆದವನು ರಾಬರ್ಟ್ ಹೋಮ್. 1791ರಲ್ಲಿ ಮದರಾಸಿಗೆ ಬಂದಿಳಿದು, ಟಿಪ್ಪುವಿನ ಮೇಲೆ ದಂಡೆತ್ತಿ ಹೊರಟ ಕಾರ್ನ್‌ವಾಲಿಸನ ಸೈನ್ಯದ ಜೊತೆಗೇ ನಡೆದ. ಆ ವರ್ಷ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಬಿತ್ತು. ಡಿಸೆಂಬರಿನಲ್ಲಿ ಸಾವನದುರ್ಗದ ಸರದಿ. ಬೆಟ್ಟದ ಸುತ್ತ ದಟ್ಟವಾದ ಬಿದಿರು ಕಾಡು. ಅದನ್ನು ಕಡಿದು ದಾರಿ ಮಾಡಿ ತೋಪುಗಳನ್ನು ಎಳೆದು ತಂದರು. ಡಿಸೆಂಬರ್ 21ರಂದು ಕೋಟೆ ಅವರ ಕೈಸೇರಿತು. ಮುಂದಿನ ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಒಪ್ಪಂದ, ಟಿಪ್ಪುವಿನ ಅರ್ಧ ರಾಜ್ಯ ಹೋಯಿತು, ಇಬ್ಬರು ಮಕ್ಕಳು ಒತ್ತೆಯಾದರು. ಹೋಮ್‌ನ ಚಿತ್ರಗಳು 1794ರಲ್ಲಿ 'ಸೆಲೆಕ್ಟ್ ವ್ಯೂಸ್ ಇನ್ ಮೈಸೂರ್' ಎಂಬ ಪುಸ್ತಕವಾಗಿ ಲಂಡನ್ನಿನಲ್ಲಿ ಬಂದವು. ಆಗ ಇಲ್ಲಿ ಟಿಪ್ಪು ಅಂದರೆ ಮನೆಮನೆಯ ಸುದ್ದಿ.

ಅಂದರೆ ಈ ಚಿತ್ರ ಒಂದು ಯುದ್ಧದ ಮಗು. ಚಿತ್ರದಲ್ಲಿ ಮಾತ್ರ ಹೊಗೆಯಿಲ್ಲ, ಹೆಣವಿಲ್ಲ, ಕಡಿದ ಬಿದಿರಿಲ್ಲ. ಆ ಕಾಲದ ಇಂಗ್ಲಿಷರಿಗೆ 'ಪಿಕ್ಚರೆಸ್ಕ್' ಅಂತ ಒಂದು ಹುಚ್ಚು: ಪಕ್ಕದಲ್ಲಿ ನಾಟಕದ ಪರದೆಯಂತೆ ಮರ, ಮುಂದೆ ಕತ್ತಲು, ನಡುವೆ ಬೆಳಕು, ಹಿಂದೆ ಮಂಜಿನ ಬೆಟ್ಟ. ವೇಲ್ಸಿನ ಬೆಟ್ಟಕ್ಕೂ ಅದೇ, ಮಾಗಡಿಯ ಬಂಡೆಗೂ ಅದೇ. ಮೇಲಾಗಿ ತಾಮ್ರದ ಮೇಲೆ ಗೆರೆ ಕೊರೆಯುತ್ತಿದ್ದವರು ಲಂಡನ್ನಿನ ಕಸುಬುದಾರರು. ಡಿಸೆಂಬರಿನ ನಮ್ಮ ಬಿಸಿಲು ಅವರಿಗೇನು ಗೊತ್ತು? ಆಕಾಶ ನೋಡಿದರೆ ಈಗಲೇ ಇಲ್ಲಿಯ ಜಿಟಿಜಿಟಿ ಮಳೆ ಶುರುವಾಗುತ್ತದೆ ಅನ್ನಿಸುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಆ ಪುಟ್ಟ ಮನುಷ್ಯರು. ಬೆಟ್ಟ ಎಷ್ಟು ದೊಡ್ಡದು ಅಂತ ತೋರಿಸಲು ಇಟ್ಟ ಅಳತೆಗೋಲು ಅವರು, ಅಷ್ಟೆ. ಕಾಡು ಕಡಿದ ಕೂಲಿಗಳು, ತೋಪು ಎಳೆದ ಎತ್ತಿನವರು, ಕೋಟೆಯೊಳಗೆ ಕೊನೆತನಕ ನಿಂತವರು, ಅವರಲ್ಲಿ ಬಹಳ ಮಂದಿ ನಮ್ಮ ಭಾಷೆಯಲ್ಲೇ ಅತ್ತಿರಬೇಕು, ಬೈದಿರಬೇಕು. ಬುಡದಲ್ಲಿ ಸಾವಂದಿ ವೀರಭದ್ರನ ಗುಡಿಯಿದೆ. ನನ್ನ ಪ್ರತಿಯಲ್ಲಿ ಎಷ್ಟು ಹುಡುಕಿದರೂ ಕಾಣಲಿಲ್ಲ.

ಇಷ್ಟಾದರೂ ಚಿತ್ರವನ್ನು ಬೈದು ಮೂಲೆಗೆ ಹಾಕಲು ನನಗೆ ಮನಸ್ಸಿಲ್ಲ. ಕ್ಯಾಮೆರಾ ಇಲ್ಲದ ಕಾಲದಲ್ಲಿ ನಮ್ಮ ಬೆಟ್ಟವನ್ನು ಹಗಲೆಲ್ಲ ಕೂತು ದಿಟ್ಟಿಸಿದ ಕಣ್ಣು ಅದು. ಬಂಡೆಯ ಬೆನ್ನು, ಕರಿಗುಡ್ಡ ಬಿಳಿಗುಡ್ಡಗಳ ನಡುವಿನ ಕಣಿವೆ, ಅದರಲ್ಲಿ ಮೋಸವಿಲ್ಲ. ಈ ಬೇಸಿಗೆಯಲ್ಲಿ ಊರಿಗೆ ಹೋಗುವವರು ಫೋನಿನಲ್ಲಿ ಚಿತ್ರ ಇಟ್ಟುಕೊಂಡು ಮಕ್ಕಳನ್ನು ಕರೆದೊಯ್ಯಿರಿ, ಹೋಮ್ ಎಲ್ಲಿ ಕೂತು ಬರೆದಿರಬಹುದು ಅಂತ ಹುಡುಕಲಿ. ಬೆಂಗಳೂರಿನಿಂದ ಅರವತ್ತು ಕಿಲೋಮೀಟರ್ ಆಸುಪಾಸು. ನೀರಿನ ಬಾಟಲಿ ಮರೆಯಬೇಡಿ, ಮಳೆ ಬಂದರೆ ಬಂಡೆ ಹತ್ತಲೇಬೇಡಿ.