ರಾಗಿ ಬೀಜದೊಳಗಿನ ವಿಜ್ಞಾನ

ರಾಗಿ ತೆನೆ ಎಲ್ಲರಿಗೂ ಗೊತ್ತು; ರಾಗಿ ಹೂವನ್ನು ಕಂಡವರು ಕಡಿಮೆ. ನಸುಕು ಹರಿಯುವ ಮೊದಲೇ ಅರಳುವ ಆ ಪುಟ್ಟ ಹೂವು ತನ್ನ ಪರಾಗವನ್ನು ತಾನೇ ತಾಗಿಸಿಕೊಂಡು ಕಾಳು ಕಟ್ಟುತ್ತದೆ. ಹೊರಗಿನ ಪರಾಗಕ್ಕೆ ಅಲ್ಲಿ ಎಡೆ ಸಿಗುವುದೇ ಅಪರೂಪ. ಇಂಥ ಹೂವಿನಲ್ಲಿ ಎರಡು ತಳಿಗಳನ್ನು ಬೆಸೆಯುವ ಕೆಲಸಕ್ಕೆ ಆಯುಷ್ಯವನ್ನೇ ಕೊಟ್ಟವರು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ವಿಜ್ಞಾನಿ ಲಕ್ಷ್ಮಣಯ್ಯ. ಹಳೇ ಮೈಸೂರಿನ ಸೀಮೆಯಲ್ಲಿ ಅವರು ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದರು.

ಮೈಸೂರು ಸಂಸ್ಥಾನದಲ್ಲಿ ರಾಗಿ ತಳಿಯ ಕೆಲಸ ಶುರುವಾದದ್ದು 1913ರಲ್ಲಿ, ಕೃಷಿ ಇಲಾಖೆಯಲ್ಲಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದ್ದ ಕಾಲದಲ್ಲಿ. ಮೊದಲು ನಡೆದದ್ದು ನಾಡತಳಿಗಳಲ್ಲೇ ಒಳ್ಳೆಯದನ್ನು ಆರಿಸಿ ಬೆಳೆಸುವ ಕೆಲಸ. ಲಕ್ಷ್ಮಣಯ್ಯ ಇನ್ನೂ ದೂರ ನೋಡಿದರು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಅದು ನಮ್ಮಲ್ಲಿಗೆ ಬಂದು ಬೇರೂರಿತು. ಆಫ್ರಿಕಾದ ತಳಿಗಳಿಗೆ ದಪ್ಪ ಕಾಂಡ, ತುಂಬಿದ ತೆನೆ. ನಮ್ಮವಕ್ಕೆ ಈ ನೆಲದ, ಈ ಮಳೆಯ ಒಗ್ಗಿಕೆ. ದೂರವಾಗಿದ್ದ ಈ ದಾಯಾದಿಗಳ ನಡುವೆ ಅವರು ಮತ್ತೆ ನೆಂಟಸ್ತನ ಬೆಳೆಸಿದರು. ಇಂಡಿಯಾ ಮತ್ತು ಆಫ್ರಿಕಾ ಎರಡನ್ನೂ ಸೇರಿಸಿ ‘ಇಂಡಾಫ್’ ಎಂದು ಹೆಸರಿಟ್ಟ ತಳಿಗಳು 1970ರ ದಶಕದಿಂದ ಹೊಲ ಸೇರಿದವು. ಖುಷ್ಕಿ ಹೊಲಗಳ ಇಳುವರಿ ಏರಿತು.

ಆದರೆ ಬೆಂಕಿ ರೋಗ ಬಿಡಲಿಲ್ಲ. ಶಿಲೀಂಧ್ರ ತೆನೆಯ ಕತ್ತಿಗೆ ತಗುಲಿದರೆ ಕಾಳು ಜೊಳ್ಳಾಗುತ್ತದೆ. ಹಸಿರಾಗಿದ್ದ ಹೊಲ ಸುಟ್ಟಂತೆ ಕಾಣುತ್ತದೆ. ಔಷಧಿ ಹೊಡೆಯಲು ಸಣ್ಣ ರೈತನ ಕೈಯಲ್ಲಿ ಕಾಸಿರುವುದಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ವಿಜ್ಞಾನಿಗಳು ಇದಕ್ಕೆ ಉತ್ತರ ಹುಡುಕಿದ್ದೂ ಬೀಜದಲ್ಲೇ. ಇಂಡಾಫ್-5, ಇಂಡಾಫ್-9 ತಳಿಗಳ ಜೊತೆಗೆ ಆಫ್ರಿಕಾದ ಇನ್ನೊಂದು ತಳಿ ಬೆರೆಸಿ 1990ರ ದಶಕದಲ್ಲಿ ಜಿಪಿಯು-28 ತಂದರು. ರೋಗವನ್ನು ಸೈರಿಸುವ ಈ ತಳಿಯನ್ನು ರೈತರು ಮನಸಾರೆ ಒಪ್ಪಿಕೊಂಡರು. ಲಕ್ಷ್ಮಣಯ್ಯನವರ ದುಡಿಮೆ ಮುಂದಿನ ತಲೆಮಾರಿನ ತಳಿಗೆ ತಾಯಿಬೇರಾಯಿತು.

ಸುಸ್ಥಿರ ಕೃಷಿ ಎಂದೊಡನೆ ಡ್ರೋನ್, ಸೆನ್ಸರ್‌ಗಳ ಮಾತು ಬರುತ್ತದೆ. ಅವೂ ಬೇಕು. ಆದರೆ ನನ್ನ ಕಣ್ಣಲ್ಲಿ ಎಲ್ಲಕ್ಕಿಂತ ಬಾಳಿಕೆಯ ವಿಜ್ಞಾನ ಇದು: ದಶಕಗಳ ದುಡಿಮೆ ಒಂದು ಹಿಡಿ ಬೀಜದಲ್ಲಿ ಅಡಕವಾಗಿ ರೈತನ ಮನೆಗೆ ಬರುತ್ತದೆ, ಕರೆಂಟು ಬೇಡ, ರಿಪೇರಿ ಬೇಡ. ಹೂವು ತನ್ನಲ್ಲೇ ಫಲಿಸುವುದರಿಂದ ತಳಿಯ ಗುಣ ಬೇಗ ಕೆಡುವುದಿಲ್ಲ. ಹೈಬ್ರಿಡ್ ಜೋಳದಂತೆ ವರ್ಷವರ್ಷವೂ ಬೀಜ ಕೊಳ್ಳಬೇಕಿಲ್ಲ. ವಿಜ್ಞಾನಿಗೆ ತೊಡಕಾಗಿದ್ದ ಆ ಗುಣವೇ ರೈತನಿಗೆ ವರ.

ರೈತರೂ ಸುಮ್ಮನೆ ಕೈಯೊಡ್ಡಿ ಕುಳಿತವರಲ್ಲ. ಹಾವೇರಿ ಕಡೆಯ ‘ಗುಳಿ ರಾಗಿ’ ನೋಡಿ. ಅಡ್ಡ, ಉದ್ದ ಸಾಲು ಹೊಡೆದು, ಸಾಲು ಕೂಡುವಲ್ಲಿ ಗೊಬ್ಬರ ಹಾಕಿ ಎಳೆಯ ಪೈರು ನೆಡುತ್ತಾರೆ. ಬೇರು ಹಿಡಿದ ಮೇಲೆ ಎತ್ತು ಕಟ್ಟಿ ಕೊರಡು ಎಳೆಯುತ್ತಾರೆ. ಬಾಗಿದ ಪೈರು ಬುಡದಲ್ಲಿ ತೆಂಡೆಯೊಡೆದು ಪೊದೆಯಾಗುತ್ತದೆ. ಬೀಜ ಕಡಿಮೆ, ತೆನೆ ಹೆಚ್ಚು. ಹಳೇ ಮೈಸೂರಿನಲ್ಲಿ ರಾಗಿಯ ನಡುನಡುವೆ ಬಿತ್ತುವ ಅಕ್ಕಡಿ ಸಾಲಿನ ಅವರೆ, ತೊಗರಿಗಳು ನೆಲಕ್ಕೆ ಸಾರಜನಕ ಕೂಡಿಸುತ್ತವೆ. ರಾಗಿ ಕೈಕೊಟ್ಟರೂ ಮನೆಗೆ ಬೇಳೆ ಬರುತ್ತದೆ. ಹೊಲದ ಈ ತಿಳಿವಳಿಕೆಯನ್ನು ಪ್ರಯೋಗಾಲಯ ಗೌರವದಿಂದ ಕೇಳಿಸಿಕೊಳ್ಳಬೇಕು.

2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ತಂಡ ಎಂಎಲ್-365 ರಾಗಿ ತಳಿಯ ಜೀನೋಮ್ ಬಿಡಿಸಿ ಪ್ರಕಟಿಸಿತು. ಬರ ತಾಳುವ, ರೋಗ ತಡೆಯುವ ಗುಣಗಳನ್ನು ಇನ್ನು ಬೇಗ ಗುರುತಿಸಬಹುದು. ಆದರೂ ತಳಿಯೊಂದು ಹದಕ್ಕೆ ಬರಲು ಹಂಗಾಮುಗಳು ಬೇಕೇ ಬೇಕು. ಲಾಭದ ಲೆಕ್ಕ ಕೇಳದೆ ಅಷ್ಟು ಕಾಯಬಲ್ಲವು ಸಾರ್ವಜನಿಕ ಸಂಸ್ಥೆಗಳು ಮಾತ್ರ. ಅಲ್ಲಿ ಖಾಲಿ ಬಿದ್ದ ಒಂದೊಂದು ವಿಜ್ಞಾನಿಯ ಹುದ್ದೆಯೂ ಮುಂದೊಂದು ದಿನ ಹೊಲದಲ್ಲಿ ಕಾಣಿಸುವ ಕೊರತೆ. ಜೊತೆಗೆ ಬೆಳೆದ ರಾಗಿಗೆ ಬೆಂಬಲ ಬೆಲೆ ಸಕಾಲಕ್ಕೆ ಕೈಸೇರಬೇಕು. ಇಲ್ಲದಿದ್ದರೆ ಎಷ್ಟು ಒಳ್ಳೆಯ ತಳಿಯೂ ಹೊಲ ಹಿಡಿದು ನಿಲ್ಲದು.

ಸುಗ್ಗಿಯ ಕಣದಲ್ಲಿ ರೈತ ಹೆಣ್ಣುಮಗಳೊಬ್ಬಳು ಗಟ್ಟಿ ತೆನೆ ಆರಿಸಿ ಮುಂದಿನ ಮುಂಗಾರಿಗೆಂದು ತೆಗೆದಿಡುತ್ತಾಳೆ. ಆ ಗಂಟಿನಲ್ಲಿ ಆಫ್ರಿಕಾದ ಕಸುವಿದೆ, ವಿ.ಸಿ. ಫಾರಂನ ನಸುಕುಗಳಿವೆ. ಅದನ್ನು ಆರಿಸಿದ ಕಣ್ಣೂ ತಳಿ ವಿಜ್ಞಾನಿಯ ಕಣ್ಣೇ.